ಮೂರು ಹೆಜ್ಜೆ ಆಚೆಗಿದ್ದ ಕಲ್ಲು

ಇದನ್ನು ಹೇಳಬೇಕು ಎಂದುಕೊಂಡು ಮುಂದೂಡಿದ್ದು ಎಷ್ಟು ಸಲವೋ. ಮಳೆಗಾಲ ಕಳೆಯಲಿ ಎಂದೆ, ಮಗಳ ಮದುವೆಯಾಗಲಿ ಎಂದೆ, ಹೆಂಡತಿಯ ವರ್ಷದ ಕಾರ್ಯ ಮುಗಿಯಲಿ ಎಂದೆ. ಎಲ್ಲ ಮುಗಿಯಿತು. ಹೋದ ವರ್ಷ ನನ್ನ ಗಂಟಲಿನ ಗಡ್ಡೆಗೆ ದೊಡ್ಡಾಸ್ಪತ್ರೆಯಲ್ಲಿ ಕಿರಣ ಕೊಟ್ಟರು. ಗಡ್ಡೆ ಕರಗಿತು, ದನಿಯೂ ಮುಕ್ಕಾಲು ಹೋಯಿತು. ಈಗ ನಾನು ಮಾತಾಡಿದರೆ ಎದುರಿಗೆ ಕೂತವರು ಮುಂದಕ್ಕೆ ಬಾಗಿ ಕೇಳಬೇಕು. ದನಿ ಗಟ್ಟಿಯಾಗಿದ್ದ ಕಾಲದಲ್ಲಿ, ಊರಿನ ಜನ ನನ್ನ ಬಾಯನ್ನೇ ನೋಡುತ್ತ ನಿಂತಿದ್ದ ಒಂದು ದಿನ, ಹೇಳಬೇಕಾದ್ದನ್ನು ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ಕಡೆ, ಬಿ.ಜಿ. ಕೆರೆಗಿಂತ ಈಚೆಗೆ, ರಸ್ತೆಯಿಂದ ಒಳಗೆ ಸರಿದ ಊರು. ಹೈಸ್ಕೂಲು ಮುಗಿಸಿ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಬಹಳ ವರ್ಷ ಶೇಂಗಾ ಮೂಟೆ ಇಳಿಸಿಕೊಳ್ಳುವ ಕೆಲಸ ನೋಡಿಕೊಂಡಿದ್ದೆ. ಅಲ್ಲಿನ ಹಮಾಲರ ಜೊತೆ, ಮಾರ್ಕೆಟ್ಟಿನವರ ಜೊತೆ ಮಾತಾಡಿ ಮಾತಾಡಿ ಹಿಂದಿ, ಉರ್ದು ಬೆರೆತ ಒಂದು ಭಾಷೆ ನನಗೆ ಬಂತು. ಮಿಲ್ಲು ನಿಂತಮೇಲೆ ಊರಿಗೆ ಬಂದು ಹೊಲ ನೋಡಿಕೊಂಡಿದ್ದೆ. ಅಷ್ಟರಲ್ಲಿ ಸುತ್ತಲಿನ ಊರುಗಳ ದನಕುರಿ ಮೇಯುತ್ತಿದ್ದ ಕುದಾಪುರದ ಹುಲ್ಲಿನ ಕಾವಲಿನ ಸುತ್ತ ವಿಜ್ಞಾನ ಸಂಸ್ಥೆಗಳ ಗೋಡೆಗಳು ಎದ್ದಿದ್ದವು. ಆ ಕಡೆಯಿಂದ ಒಬ್ಬ ವಿಜ್ಞಾನಿ ಮೇಡಂ ಜೀಪಿನಲ್ಲಿ ಬಂದು ನಮ್ಮ ಹೊಲದ ಮಣ್ಣು ಕೈಯಲ್ಲಿ ಹಿಡಿದು ನೋಡಿದರು. ಉತ್ತರದವರು. ಕನ್ನಡ ಬಾರದು. ನನ್ನ ಮಿಲ್ಲಿನ ಹಿಂದಿ ಕೇಳಿ ಅವರಿಗೆ ಜೀವ ಬಂದಂತಾಯಿತು.

ಅವರ ಕೆಲಸ ಇದು. ಸೀಸದ ದಪ್ಪ ಗೋಡೆಯ ಪೆಟ್ಟಿಗೆಯೊಳಗೆ ಶೇಂಗಾ ಬೀಜ ಇಟ್ಟು ಗಾಮಾ ಕಿರಣ ಹಾಯಿಸುವುದು. ಕಿರಣ ಬೀಜದ ಒಳಗಿನ ಗುಣವನ್ನು ಅಲ್ಲಲ್ಲಿ ಕದಲಿಸುತ್ತದೆ. ಆ ಬೀಜ ಬಿತ್ತಿ, ಅದರ ಬೀಜವನ್ನು ಮತ್ತೆ ಬಿತ್ತಿದಾಗ, ಸಾವಿರ ಗಿಡದಲ್ಲಿ ಒಂದೋ ಎರಡೋ ಬೇರೆ ಥರ ಹುಟ್ಟುತ್ತವೆ. ನಮ್ಮ ಒಣ ಮಣ್ಣಿನಲ್ಲಿ, ಮಳೆ ಕೈಕೊಟ್ಟಾಗಲೂ ಕಾಯಿ ಕಟ್ಟುವಂಥ ಒಂದು ಗಿಡ ಅವರಿಗೆ ಬೇಕಾಗಿತ್ತು. ಅದಕ್ಕಾಗಿ ನನ್ನ ಹೊಲದಲ್ಲಿ ಇಪ್ಪತ್ತು ಗುಂಟೆಗೆ ಮುಳ್ಳುತಂತಿ ಹಾಕಿಸಿ ಗೇಟು ಇಡಿಸಿದರು. ಆ ಪ್ಲಾಟು ನೋಡಿಕೊಳ್ಳುವವನು ನಾನೇ.

ಮೊದಮೊದಲು ನನಗೆ ಭಯವಿತ್ತು. ಒಂದು ದಿನ ಕೇಳಿಯೇ ಬಿಟ್ಟೆ, ಈ ಬೀಜ ಮುಟ್ಟಿದರೆ ನನಗೆ ಏನಾದರೂ ಆಗುತ್ತದಾ ಎಂದು. ಅವರು ನಗಲಿಲ್ಲ. "ಕತ್ತಲಲ್ಲಿ ಬ್ಯಾಟರಿ ಹಾಕಿ ಗೋಡೆ ನೋಡುತ್ತೀರಿ. ಬ್ಯಾಟರಿ ಆರಿಸಿದ ಮೇಲೆ ಗೋಡೆ ಬೆಳಗುತ್ತಾ ಇರುತ್ತದಾ?" ಎಂದರು. ಇಲ್ಲ ಎಂದೆ. "ಇದೂ ಹಾಗೇ. ಕಿರಣ ಹಾಯ್ದು ಹೋಗುತ್ತದೆ. ಬೀಜದಲ್ಲಿ ಉಳಿಯುವುದಿಲ್ಲ."

ಆಮೇಲೆ ಜೀಪಿನಿಂದ ಇಟ್ಟಿಗೆಯಷ್ಟು ದೊಡ್ಡ ಒಂದು ಮೀಟರು ತಂದರು. ಗುಂಡಿ ಒತ್ತಿದರೆ ಟಿಕ್, ಟಿಕ್ ಎಂದು ಸದ್ದು. ಬೀಜದ ಚೀಲಕ್ಕೆ ಹಿಡಿದರು, ಟಿಕ್, ಟಿಕ್. ಬರೀ ಗಾಳಿಯಲ್ಲಿ ಹಿಡಿದರು, ಅಷ್ಟೇ. ನನ್ನ ಎದೆಗೆ ಹಿಡಿದರು, ಅಷ್ಟೇ. ನಮ್ಮ ಬಾವಿಯ ಹತ್ತಿರ ಬಟ್ಟೆ ಒಗೆಯುವ ಒಂದು ಹಾಸುಗಲ್ಲಿದೆ. ಅದರ ಮೇಲೆ ಇಟ್ಟಾಗ ಸದ್ದು ಸ್ವಲ್ಪ ಬಿರುಸಾಯಿತು. ನನಗೆ ನಗು ಬಂತು. "ನಮ್ಮವ್ವ ಜೀವಮಾನವೆಲ್ಲ ಈ ಕಲ್ಲಿನ ಮೇಲೆ ಕೂತು ಬಟ್ಟೆ ಒಗೆದಳು ಮೇಡಂ" ಎಂದೆ. "ಏನೂ ಆಗಲಿಲ್ಲ ಅಲ್ವಾ? ಮಣ್ಣು, ಕಲ್ಲು, ಮನುಷ್ಯ, ಎಲ್ಲದರಲ್ಲೂ ಇಷ್ಟಿಷ್ಟು ಇದ್ದೇ ಇರುತ್ತದೆ" ಎಂದರು. ಅಂದಿನಿಂದ ಭಯ ಹೋಯಿತು. ಇದನ್ನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ನನಗೆ ಗೊತ್ತಿತ್ತು ಎನ್ನುವುದು ದಾಖಲಾಗಬೇಕು.

ಇನ್ನು ಕುರಿಗಾರ. ಅವನೂ ನಾನೂ ನಾಲ್ಕನೇ ತರಗತಿಯವರೆಗೆ ಒಂದೇ ಚಾಪೆ. ಐದನೇ ತರಗತಿಗೆ ನಾನು ಹೋದೆ, ಅವನು ಅಪ್ಪನ ಕುರಿಗಳ ಹಿಂದೆ ಹೋದ. ಇಬ್ಬರೇ ಇದ್ದಾಗ ನನ್ನನ್ನು 'ಲೇ' ಎನ್ನುವನು. ನಾಲ್ಕು ಜನ ಸೇರಿದಲ್ಲಿ 'ಸಾವ್ಕಾರ್ರೆ'. ನಮ್ಮ ಕಡೆ ಶೇಂಗಾ ಕಿತ್ತಮೇಲೆ ಹೊಲದಲ್ಲಿ ಕುರಿ ತರುಬುತ್ತಾರೆ. ಮಂದೆ ರಾತ್ರಿ ಹೊಲದಲ್ಲೇ ಮಲಗುತ್ತದೆ, ಹಿಕ್ಕೆ ಗಂಜಲ ಮಣ್ಣಿಗೆ ಸೇರುತ್ತದೆ, ಹೊಲದವರು ಕುರಿಗಾರನ ಮನೆಗೆ ಕಾಳು ಕೊಡುತ್ತಾರೆ. ಒಬ್ಬರ ಹೊಲ ಆದಮೇಲೆ ಇನ್ನೊಬ್ಬರದು, ಹೀಗೆ ಸರದಿ. ಕಾವಲು ತೆರೆದಿದ್ದಾಗ ಅವನಿಗೆ ಈ ಸರದಿ ಒಂದು ಅನುಕೂಲ, ಅಷ್ಟೇ. ಗೋಡೆ ಎದ್ದು ಹುಲ್ಲು ಆಚೆಯಾದ ಮೇಲೆ ಅದೇ ಗತಿಯಾಯಿತು. ಹೊಲ ಹೊಲ ಸುತ್ತಿ, ಬಿದ್ದ ಸೊಪ್ಪು ಕೂಳೆ ಮೇಯ್ದೇ ಅವನ ಮಂದೆ ಬೇಸಿಗೆ ದಾಟಬೇಕು. ಒಂದು ವರ್ಷ ಊರು ಬೇಡವೆಂದರೆ ಮಂದೆ ಉಳಿಯುವುದಿಲ್ಲ.

ಆ ವರ್ಷ ಮೇಡಂ ಗಿಡಗಳನ್ನು ಒಂದೊಂದಾಗಿ ಕೀಳಿಸಿ, ಒಂದೊಂದಕ್ಕೂ ನಂಬರಿನ ತಗಡು ಕಟ್ಟಿಸಿ, ಪ್ಲಾಟಿನೊಳಗೆ ಸಾಲಾಗಿ ಒಣಗಲು ಹಾಕಿಸಿದ್ದರು. ಮೂರು ವರ್ಷದ ಕೆಲಸ. ಕಾಯಿ ಬಿಡಿಸಿ ಒಯ್ಯುವವರೆಗೆ ಪ್ಲಾಟಿನ ಸುತ್ತಲಿನ ನನ್ನ ಹೊಲಕ್ಕೂ ಕುರಿ ಬರಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ನನ್ನ ಸರದಿ ಬಂದಿತ್ತು. ಬಿಟ್ಟರೆ ಮಂದೆ ಮುಂದಿನ ಹೊಲಕ್ಕೆ ಹೋಗುತ್ತದೆ, ನನ್ನ ಹೊಲಕ್ಕೆ ಗೊಬ್ಬರವಿಲ್ಲ.

"ಬಂದು ತರುಬು. ಅಮ್ಮಾರಿಗೆ ಗೊತ್ತಾಗೋದು ಬ್ಯಾಡ. ನಾನು ಕರೆದೆ ಅಂತ ಯಾರತ್ರನೂ ಹೇಳ್ಬ್ಯಾಡ" ಎಂದು ಕುರಿಗಾರನಿಗೆ ಹೇಳಿದೆ.

"ಬೇಲಿ ಗಟ್ಟಿ ಐತೇನ್ಲೇ? ಶೇಂಗಾ ಸೊಪ್ಪು ಕಂಡ್ರೆ ನನ್ ಟಗರು ದೇವ್ರಿಗೂ ಹೆದರಲ್ಲ."

"ಗಟ್ಟಿ ಐತೆ, ಬಾರಲೇ."

ಬೇಲಿ ಗಟ್ಟಿಯೇ ಇತ್ತು. ಕುರಿಗಳಿಗೆ ನೀರಿಡಲು ಪ್ಲಾಟಿನೊಳಗಿನ ಡ್ರಮ್ಮು ಹೊರಗೆ ಉರುಳಿಸಿ ತಂದವನು ನಾನು. ಗೇಟಿಗೆ ಕೊಂಡಿ ಸಿಕ್ಕಿಸಿ, ಬೀಗ ಹಾಕದೆ ಮನೆಗೆ ಬಂದವನೂ ನಾನೇ.

ಬೆಳಕು ಹರಿಯುವಾಗ ಅವನು ನಮ್ಮ ಹಿತ್ತಲ ಬಾಗಿಲು ಬಡಿದ. "ಎದ್ದೇಳಲೇ! ನಿನ್ ಗೇಟು ತೆರ್ಕಂಡೈತೆ. ಅಷ್ಟೂ ಒಳಗೆ ಹೊಕ್ಕಂಡಾವೆ." ನಾವು ಓಡಿದೆವು. ಸಾಲು ಒಂದೂ ಉಳಿದಿರಲಿಲ್ಲ. ಸೊಪ್ಪು ತಿಂದು, ಕಾಯಿ ತುಳಿದು, ಎಲ್ಲ ಕಲಸಿಹೋಗಿತ್ತು. ಯಾವ ಕಾಯಿ ಯಾವ ಗಿಡದ್ದೆಂದು ದೇವರೇ ಹೇಳಬೇಕು. ಅವನ ಕಂಬಳಿಯ ಮಡಿಲಲ್ಲಿ ಒಂದು ಬೊಗಸೆ ತಗಡುಗಳಿದ್ದವು. "ಇವು ಕುರಿ ಬಾಯಾಗಿಂದ ತೆಗ್ದೆ. ಅಮ್ಮಾರಿಗೆ ಬೇಕಾಗ್ತವೇನೋ" ಎಂದು ನನ್ನ ಕೈಗೆ ಸುರಿದ. ಅವನ ಬೆರಳಿಂದ ರಕ್ತ ಬರುತ್ತಿತ್ತು.

"ನೀನು ಹೊಡ್ಕಂಡು ಹೋಗು. ನಾನು ನೋಡ್ಕಂತೀನಿ" ಎಂದೆ.

ನೋಡಿಕೊಂಡ ರೀತಿ ಹೀಗೆ. ಅವನು ಮರೆಯಾದ ಮೇಲೆ ಮನೆಯಿಂದ ಕಟಿಂಗ್ ಪ್ಲೇಯರ್ ತಂದೆ. ಹಿಂಬದಿಯ ಬೇಲಿಯಲ್ಲಿ ಮೂರು ತಂತಿ ಕತ್ತರಿಸಿ ಒಳಕ್ಕೆ ಬಗ್ಗಿಸಿದೆ. ಅವನು ಕೊಟ್ಟ ತಗಡುಗಳನ್ನು ಅಲ್ಲೇ ಎರಚಿದೆ. ಗೇಟಿಗೆ ಬೀಗ ಹಾಕಿದೆ. ಹತ್ತು ಗಂಟೆಗೆ ಮೇಡಂ ಬಂದರು. ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ತಗಡುಗಳನ್ನು ಒಂದೊಂದೇ ಎತ್ತಿ ಸೆರಗಿಗೆ ಹಾಕಿಕೊಂಡರು. ಕೊನೆಗೆ, "ಯಾರ ಕುರಿ?" ಎಂದರು. ಅವನ ಹೆಸರು ಹೇಳಿದೆ. ಬೇಲಿ ಮುರಿದು ನುಗ್ಗಿಸಿದ್ದಾನೆ ಎಂದೆ.

ಮಧ್ಯಾಹ್ನದ ಹೊತ್ತಿಗೆ ಊರಲ್ಲಿ ಬೇರೆಯದೇ ಸುದ್ದಿ. ಕುರಿಗಳು ರೇಡಿಯೇಷನ್ ತಿಂದಿವೆ. ಅದರ ಹಿಕ್ಕೆ ಬಿದ್ದ ಹೊಲ ಸುಡುತ್ತದೆ, ಅದರ ಉಣ್ಣೆಯ ಕಂಬಳಿ ಹೊದ್ದರೆ ಮೈ ಹುಣ್ಣಾಗುತ್ತದೆ. ಮರುದಿನ ಮಂದೆ ಹೋಗಬೇಕಾಗಿದ್ದ ಹೊಲದವರು ಸದ್ಯ ಬೇಡ ಎಂದು ಹೇಳಿಕಳಿಸಿದರು. ಮೇಡಂ ಕಿವಿಗೆ ಇದು ಬಿತ್ತು. ತಮ್ಮ ಗಿಡ ಹೋದ ದುಃಖವನ್ನು ಪಕ್ಕಕ್ಕಿಟ್ಟು, "ಅವನು ಮಾಡಿದ್ದು ತಪ್ಪು. ಆದರೆ ಈ ಭಯ ಸುಳ್ಳು. ಎಲ್ಲರ ಮುಂದೆ ತೋರಿಸೋಣ, ಜನರನ್ನು ಸೇರಿಸಿ" ಎಂದರು.

ಮೂರನೇ ದಿನ ನಮ್ಮ ಬಾವಿಯ ಹತ್ತಿರ ಜನ ಸೇರಿದರು. ಕುರಿಗಾರ ಮಂದೆಯನ್ನು ಒಂದು ಕಡೆ ಒತ್ತರಿಸಿ ನಿಂತಿದ್ದ. ಪಕ್ಕದ ಹೊಲದ ಯಜಮಾನರು ಬಂದವರೇ ಮೊದಲು ಬೇಲಿ ನೋಡಿದರು. ನಮ್ಮ ತಂದೆಯ ಓರಗೆಯವರು, ತೆಲುಗು ಕನ್ನಡ ಎರಡೂ ಮಾತಾಡುವವರು. ತಂತಿಯ ತುದಿ ಹೆಬ್ಬೆರಳಲ್ಲಿ ಸವರಿದರು.

"ಏಮಪ್ಪಾ, ಕುರಿ ತಂತಿ ಕೀಳ್ತಾವೆ, ಕತ್ತರಿಸ್ತಾವಾ? ಇದು ಪ್ಲೇಯರ್ನಾಗೆ ಕತ್ತರಿಸಿದಂಗೈತೆ."

"ಅವನತ್ರ ಇರಬಹುದು, ನಂಗೇನ್ ಗೊತ್ತು" ಎಂದೆ.

ಯಜಮಾನರು ಅವನ ಕಡೆ ತಿರುಗಿದರು. "ಏನೋ, ನೀನೇನೋ ಕತ್ತರಿಸಿದ್ದು?"

ಅವನು ನನ್ನನ್ನು ನೋಡಿದ. ಯಾರಿಗೂ ಹೇಳಬೇಡ ಎಂದಿದ್ದೆನಲ್ಲ, ಅದಕ್ಕೆ. "ನನ್ನ ಕುರಿ ತಿಂದಿರೋದು ಖರೆ ಯಜಮಾನ್ರೇ. ಬ್ಯಾರೆ ನನಗೆ ಗೊತ್ತಿಲ್ಲ" ಎಂದ.

ಅಷ್ಟರಲ್ಲಿ ಮೇಡಂ ಮೀಟರು ತೆಗೆದು ಒಂದು ಕುರಿಯ ಬೆನ್ನಿಗೆ ಹಿಡಿದರು. ಟಿಕ್, ಟಿಕ್. ಜನ ಒಟ್ಟಿಗೆ ಹಿಂದಕ್ಕೆ ಸರಿದರು. ಒಬ್ಬ ಹೆಂಗಸು ಕೂಗಿದಳು. ಹಿಂದಿನಿಂದ ಯಾರೋ, "ಟಗರಿನ ಕೊಂಬಿಗೆ ಬಲ್ಬ್ ಸಿಗ್ಸ್ರಲೇ, ಹತ್ಕಂತೈತೆ! ಕರೆಂಟ್ ಬಿಲ್ ಉಳೀತು" ಎಂದ. ಕೆಲವರು ನಕ್ಕರು. ಕುರಿಗಾರ ನಗಲಿಲ್ಲ. ಆ ಕುರಿಯ ಬೆನ್ನಿನ ಮೇಲಿಂದ ಅವನು ಕೈ ತೆಗೆಯಲೂ ಇಲ್ಲ.

ಮೇಡಂ ಕೈಯಾಡಿಸಿ "ಏನಿಲ್ಲ, ಏನಿಲ್ಲ" ಎಂದರು. ಅವರಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಆಮೇಲೆ ಮೀಟರನ್ನು ನನ್ನ ಕೈಗೆ ಕೊಟ್ಟು ಹಿಂದಿಯಲ್ಲಿ ಹೇಳಿದರು: "ಇವರಿಗೆ ಹೇಳಿ, ಈ ಸದ್ದು ಎಲ್ಲ ಕಡೆ ಇರುತ್ತದೆ ಅಂತ. ಆ ಕಲ್ಲಿನ ಮೇಲೆ ಹಿಡಿದು ಕೇಳಿಸಿ. ನಿಮ್ಮ ಎದೆಗೂ ಹಿಡಿದು ತೋರಿಸಿ. ನಿಮಗೆ ಗೊತ್ತಲ್ಲ."

ಹಾಸುಗಲ್ಲು ನನ್ನಿಂದ ಮೂರು ಹೆಜ್ಜೆ.

"ಏನಂತಾರಪ್ಪಾ ಅಮ್ಮಾರು?" ಎಂದರು ಯಜಮಾನರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಮೀಟರು ನನ್ನ ಕೈಯಲ್ಲಿ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಸುಳ್ಳಿಲ್ಲದೆ ಬರೆಯುತ್ತೇನೆ. ಈ ಭಯ ಈಗಲೇ ಇಳಿದುಹೋದರೆ ಜನ ಕುರಿ ಬಿಟ್ಟು ಮತ್ತೆ ತಂತಿ ನೋಡುತ್ತಾರೆ. ಯಜಮಾನರು ಬಿಡುವ ಮನುಷ್ಯರಲ್ಲ. ಗೇಟಿನ ಬೀಗದ ಕೈ ಯಾರ ಹತ್ತಿರ ಇತ್ತು, ಸರದಿ ಯಾರದಾಗಿತ್ತು ಎಂದು ಕೇಳುತ್ತಾರೆ. ಭಯ ಇದ್ದಷ್ಟು ಹೊತ್ತು ನಾನು ಕ್ಷೇಮ.

"ಸದ್ದು ಐತೆ ಅಂತಾರೆ. ಎಷ್ಟು ದಿನ ಇರ್ತದೋ ಈಗ್ಲೇ ಹೇಳಕ್ಕಾಗಲ್ಲಂತೆ" ಎಂದೆ. ಹೇಳಿ ಮೀಟರು ಆರಿಸಿದೆ.

ಜನ ಕರಗಿದರು. ತಂತಿಯ ಮಾತು ಯಾರೂ ಎತ್ತಲಿಲ್ಲ.

"ಹೇಳಿದಿರಾ?" ಎಂದರು ಮೇಡಂ.

"ಹೇಳಿದೆ ಮೇಡಂ."

"ಮತ್ತೆ ಯಾಕೆ ಹೀಗೆ ಹೋಗುತ್ತಿದ್ದಾರೆ?"

"ಹಳ್ಳಿ ಜನ. ತಿಳಿಯೋದು ನಿಧಾನ."

ಹಳ್ಳಿ ಜನ ಎಂದೆ. ನಾನು ಯಾವೂರಿನವನೋ ಎಂಬಂತೆ.

ಸರದಿಯಲ್ಲಿ ಉಳಿದಿದ್ದ ಎಂಟು ಹೊಲದವರೂ ಮಂದೆ ಬೇಡವೆಂದರು. ಚಳ್ಳಕೆರೆಯಲ್ಲಿ ಕಂಬಳಿ ನೇಯುವವರು ಅವನ ಉಣ್ಣೆಯ ಮೂಟೆ ಬಿಚ್ಚದೆ ಹಿಂದಕ್ಕೆ ಕಳಿಸಿದರು. ಒಂದು ಸಂಜೆ ಅವನು ನಮ್ಮ ಹಿತ್ತಲಿಗೆ ಬಂದ. ಕೂರಲಿಲ್ಲ. "ಲೇ, ನಿನ್ ಹೊಲದಾಗಾದ್ರೂ ತರುಬ್ಲಾ? ನೀನು ತರುಬಿಸ್ಕಂಡ್ರೆ ನಾಲ್ಕು ಜನ ನೋಡಿ ಧೈರ್ಯ ಮಾಡ್ತಾರೆ" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಪ್ಲಾಟು ನೋಡಿಕೊಳ್ಳುವವನೇ ಹೆದರಲಿಲ್ಲ ಎಂದರೆ ಊರು ಯಾಕೆ ಹೆದರಬೇಕು? "ಸ್ವಲ್ಪ ದಿನ ತಡಿ" ಎಂದೆ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಹೊರಟುಹೋದ. ಆ ವಾರವೇ ಮಂದೆ ಹೊಡೆದುಕೊಂಡು ಆಂಧ್ರದ ಕಡೆ ಹೋದ. ಬೇಸಿಗೆಯಲ್ಲಿ ದಾರಿಯಲ್ಲೇ ಕೆಲವು ಸತ್ತವಂತೆ, ಉಳಿದವನ್ನು ಸಿಕ್ಕವರಿಗೆ ಮಾರಿದನಂತೆ. ಹೆಂಡತಿಯನ್ನೂ ಕರೆಸಿಕೊಂಡು ಮೊಳಕಾಲ್ಮುರಿನಲ್ಲಿ ನಿಂತ ಎಂದು ಕೇಳಿದೆ.

ಮೇಡಂ ಕ್ಯಾಂಪಸ್ಸಿನಲ್ಲಿ ಉಳಿದಿದ್ದ ಬೀಜದಿಂದ ಮತ್ತೆ ಶುರು ಮಾಡಿದರು. ನಾಲ್ಕು ವರ್ಷದ ಮೇಲೆ ಅವರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಪ್ಲಾಟು ನೋಡಲು ಬಂದಾಗ, ಅದೇ ಹಾಸುಗಲ್ಲಿನ ಹತ್ತಿರ, ಎಲ್ಲ ಹೇಳಿದೆ. ಗೇಟು, ತಂತಿ, ಅವತ್ತು ನಾನು ತಿರುಚಿ ಹೇಳಿದ ಮಾತು. ಅವರ ಕಾಲಿಗೆ ಬೀಳಲು ಹೋದೆ. ಹಿಂದೆ ಸರಿದರು. ಬೈಯಲಿಲ್ಲ. ನಾಲ್ಕು ವರ್ಷದಲ್ಲಿ ಕಲಿತ ಕನ್ನಡದಲ್ಲಿ, ನಿಧಾನವಾಗಿ, "ನನಗೆ ಹೇಳಿದ್ರಿ. ಆ ಕುರಿಯವರಿಗೆ ಹೇಳಿದ್ರಾ?" ಎಂದರು.

ಹೇಳಿದೆ ಎಂದೆ. ಅದೂ ಸುಳ್ಳು.

ಆ ಸುಳ್ಳನ್ನಾದರೂ ನಿಜ ಮಾಡೋಣ ಎಂದು ಮೊಳಕಾಲ್ಮುರಿಗೆ ಬಸ್ಸು ಹತ್ತಿದೆ. ಮಗ್ಗದ ಮನೆಗಳ ಹಿಂದಿನ ಒಂದು ಓಣಿಯಲ್ಲಿ ಸಿಕ್ಕ. ಮನೆ ಕಟ್ಟುವಲ್ಲಿ ಮರಳು ಜರಡಿ ಹಿಡಿಯುತ್ತಿದ್ದ. ಸುತ್ತ ಯಾರೂ ಇರಲಿಲ್ಲ. ನಾವಿಬ್ಬರೇ. ಅವನು ಜರಡಿ ಕೆಳಗಿಟ್ಟು ಎದ್ದು ನಿಂತ.

"ಬರ್ರಿ ಸಾವ್ಕಾರ್ರೆ. ಕುಂತ್ಕಳ್ರಿ."

ಅವನು 'ಲೇ' ಎಂದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಇದೂ ಒಂದು ನೆಪ. ಹಾಳುಮೂಳು ಮಾತಾಡಿದೆವು, ಮಳೆ, ಯಾರು ಇದ್ದಾರೆ, ಯಾರು ಹೋದರು. ಟೀ ತರಿಸಿದ. ಲೋಟ ಖಾಲಿಯಾದ ಮೇಲೆ, ಮರಳಿನ ಕಡೆ ನೋಡುತ್ತ ಕೇಳಿದ:

"ಒಂದು ಮಾತು ಕೇಳ್ತೀನಿ. ಅವತ್ತು ಆ ಮಿಷನ್ನು ಕುರಿಗೆ ಹಿಡಿದ್ರು, ನನಗೆ ಹಿಡೀಲಿಲ್ಲ. ನಾನು ಅವುಗಳ ಮಧ್ಯದಾಗೇ ಮಲಗ್ತಿದ್ದೆ. ಅವುಗಳ ಬಾಯಾಗೆ ಕೈ ಹಾಕಿದೀನಿ. ನನ್ ಮೈಯಾಗೂ ಐತೇನೋ ಅಂತ ನನ್ ಹೆಂಡ್ತಿ ಬಾಳ ದಿನ ಹೆದರಿದ್ಲು. ಮೊಮ್ಮಗೀನ ಎತ್ಕಣಕ್ಕೆ ಬಿಡ್ತಿರ್ಲಿಲ್ಲ. ಐತೇನ್ರಿ?"

"ಇಲ್ಲ. ಏನೂ ಇಲ್ಲ. ಕುರಿಗೂ ಇರಲಿಲ್ಲ" ಎಂದೆ.

ಅವನು ನನ್ನ ಕಡೆ ತಿರುಗಿದ. "ಕುರಿಗೂ ಇರಲಿಲ್ಲ" ಎಂದು ತನಗೇ ಹೇಳಿಕೊಂಡ. ಆಮೇಲೆ ಕೇಳಿದ: "ನಿಮಗೆ ಇದು ಅವತ್ತೇ ಗೊತ್ತಿತ್ತಾ?"

ಹೌದು ಎಂಬುದು ನನ್ನ ಹಲ್ಲಿನ ಹಿಂದೆ ಬಂದು ನಿಂತಿತ್ತು. "ಅವತ್ತು ಗೊತ್ತಿರ್ಲಿಲ್ಲ. ಆಮೇಲೆ ತಿಳೀತು" ಎಂದೆ. ಅವನು ತಲೆಯಾಡಿಸಿ ಜರಡಿ ಎತ್ತಿಕೊಂಡ. ನಾನು ಬಸ್ಸಿಗೆ ಬಂದೆ.

ಹೋದ ವರ್ಷ ಆಸ್ಪತ್ರೆಯಿಂದ ಬಂದಾಗ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, ಮಕ್ಕಳನ್ನು ಅಜ್ಜನ ಹತ್ತಿರ ಬಿಡಬಹುದಾ ಎಂದು ಕೇಳಿದಳು. ನನ್ನ ಮಗ, "ಕಿರಣ ಹಾಯ್ದು ಹೋಗ್ತೈತೆ, ಮೈಯಾಗೆ ಉಳಿಯಲ್ಲಕ್ಕ. ಡಾಕ್ಟರು ಹೇಳವ್ರೆ. ಬಾ ಒಳಗೆ" ಎಂದ. ಆಕೆ ಒಳಗೆ ಬಂದು ನನ್ನ ಮಂಚದ ಪಕ್ಕವೇ ಕೂತಳು. ಅಷ್ಟೇ ಸಾಕಾಗಿತ್ತು. ಅವತ್ತೂ ಅಷ್ಟೇ ಸಾಕಾಗಿತ್ತು. ನಾನು ಗೋಡೆಯ ಕಡೆ ಮಗ್ಗುಲಾದೆ.

ಅವನು ಇನ್ನೂ ಇದ್ದಾನೆ. ದೊಡ್ಡ ಅಕ್ಷರದಲ್ಲಿ ಬರೆದರೆ ಕೂಡಿಸಿಕೊಂಡು ಓದಬಲ್ಲ. ಬೇರೆ ಒಂದು ಹಾಳೆಯಲ್ಲಿ ದೊಡ್ಡದಾಗಿ, 'ನನಗೆ ಅವತ್ತೇ ಗೊತ್ತಿತ್ತು, ತಂತಿ ಕತ್ತರಿಸಿದವನೂ ನಾನೇ' ಎಂದು ಬರೆದು ಮಡಿಸಿಟ್ಟಿದ್ದೇನೆ. ಅದನ್ನು ಬರೆದೂ ನಾಲ್ಕು ತಿಂಗಳಾಯಿತು. ಮೇಡಂ ಮುಂದೆ ತಪ್ಪು ಒಪ್ಪಿಕೊಂಡೆ. ಆಮೇಲೆ ಯಜಮಾನರು ಸಾಯುವ ಮೊದಲು ಅವರಿಗೂ ಹೇಳಿದೆ. ಅವರಿಬ್ಬರೂ ನನ್ನನ್ನು ಏನೂ ಮಾಡುವಂತಿರಲಿಲ್ಲ, ಅದಕ್ಕೇ ಅವರಿಗೆ ಹೇಳುವುದು ಸುಲಭವಾಯಿತು. ನಾನು ಈವರೆಗೆ ತಪ್ಪಾಯಿತು ಎನ್ನದೆ ಉಳಿದಿರುವುದು ಒಬ್ಬನಿಗೆ. ಒಂದೇ ಚಾಪೆಯ ಮೇಲೆ ನನ್ನ ಪಕ್ಕ ಕೂತು ಅಕ್ಷರ ಕಲಿತವನಿಗೆ, ಬೆರಳು ಕಚ್ಚಿಸಿಕೊಂಡು ಕುರಿಯ ಬಾಯಿಂದ ತಗಡು ತೆಗೆದು ತಂದುಕೊಟ್ಟವನಿಗೆ, ನಾನು ಹೇಳಬೇಡ ಎಂದ ಒಂದು ಮಾತಿಗಾಗಿ ಊರೆಲ್ಲ ಕೇಳಿದರೂ ಬಾಯಿ ಬಿಡದವನಿಗೆ, ನನ್ನ ಹೊಲದ ಕುರಿಗಾರನಿಗೆ.